ಹೂಸ್ಟನ್‌ನಿಂದ ಬಂತಾ?

ಔಷಧಿ ಅಂಗಡಿಯ ಮೆಟ್ಟಿಲಿಳಿಯುವಾಗಲೇ ಉಬಾಲ್ದಿನಾ ಸಿಕ್ಕಿಬಿದ್ದಳು. ಎದುರಿಗೆ ತನ್ನ ಕೆಂಪು ಚಪ್ಪಲಿ ಮೆಟ್ಟಿಕೊಂಡು ತೆಂಚಾ ನಿಂತಿದ್ದಳು, ಸೊಂಟದ ಮೇಲೆ ಕೈಯಿಟ್ಟು, ಕಿವಿಯ ದೊಡ್ಡ ಚಿನ್ನದ ಓಲೆ ತೂಗಾಡಿಸುತ್ತ.

"ಏನ್ ಕೊಮಾದ್ರೆ, ಹೂಸ್ಟನ್‌ನಿಂದ ಬಂತಾ?"

"ತಲೆನೋವಿನ ಮಾತ್ರೆಗೆ ಬಂದಿದ್ದೆ."

"ಮಾತ್ರೆ ಕೊಡೋದು ಗಲ್ಲಾ ಹತ್ರ. ನೀನು ನಿಂತಿದ್ದು ಹೊರದೇಶದ ಡಾಲರ್ ಬರೋ ಕಿಟಕಿ ಹತ್ರ. ನನಗೇನು ಕಣ್ಣಿಲ್ವಾ?"

ಉಬಾಲ್ದಿನಾಳ ಮುಖ ಬಾಡಿತು. ರವಿಕೆಯೊಳಗೆ ಸಿಕ್ಕಿಸಿದ್ದ ಕರವಸ್ತ್ರದ ಗಂಟನ್ನು ಅವಳ ಕೈ ತಾನಾಗಿಯೇ ಮುಟ್ಟಿ ನೋಡಿತು. ತೆಂಚಾ ಅದನ್ನೂ ಗಮನಿಸಿದಳು.

"ಊರಿನ ನೀರಿನ ಟ್ಯಾಂಕಿಗೆ, ಮಕ್ಕಳು ಅಮೆರಿಕದಲ್ಲಿರೋ ಮನೆಯವರು ತಲಾ ಇಪ್ಪತ್ತು ಡಾಲರ್. ನಿಂದೊಂದು ಬಾಕಿ ಇದೆ. ನಿನ್ನ ಮಗ, ನನ್ನ ದೇವರಮಗ, ಅಲ್ಲಿ ಬೆನ್ನು ಮುರಿದು ದುಡೀತಾನೆ, ನೀನಿಲ್ಲಿ ಗಂಟು ಕಟ್ತೀಯ. ಸತ್ತಾಗ ಹೊತ್ಕೊಂಡು ಹೋಗ್ತೀಯಾ?"

ಟೊಮ್ಯಾಟೊ ಮಾರುವವಳು ಕಿಸಕ್ಕನೆ ನಕ್ಕಳು. ಉಬಾಲ್ದಿನಾಗೆ ಭೂಮಿ ಬಾಯ್ಬಿಟ್ಟರೆ ಸಾಕೆನಿಸಿತು. ಬಿರಬಿರನೆ ನಡೆದುಬಿಟ್ಟಳು.

ಅವಳ ಮಗ ಎಲ್ಮರ್‌ನಿಗೆ ಜ್ಞಾನಸ್ನಾನ ಮಾಡಿಸಿದಾಗ ಮಗುವನ್ನು ಎತ್ತಿ ಹಿಡಿದಿದ್ದವಳು ಇದೇ ತೆಂಚಾ. ಅಂದಿನಿಂದ ಇಬ್ಬರೂ ಒಬ್ಬರಿಗೊಬ್ಬರು ಕೊಮಾದ್ರೆ. ಆ ಸಲುಗೆಯಲ್ಲೇ ತೆಂಚಾ ಬೀದಿಯಲ್ಲಿ ನಿಲ್ಲಿಸಿ ಮಾನ ಕಳೆಯುವುದು. ತೆಂಚಾಳ ಮಗ ಜೈರೋ ಕೂಡ ಹೂಸ್ಟನ್‌ನಲ್ಲೇ ಇದ್ದಾನೆ. ಅವನ ಡಾಲರಿನಲ್ಲಿ ಅವಳ ಮನೆಗೆ ಎರಡನೇ ಮಹಡಿ ಏಳುತ್ತಿದೆ. ಮೇಸ್ತ್ರಿ ಸಿಗದೆ ಕೆಲಸ ನಿಂತು, ಕಂಬಿಗಳು ತುಕ್ಕು ಹಿಡಿಯುತ್ತಿವೆ ಅಷ್ಟೆ.

ಉಬಾಲ್ದಿನಾಳ ವಿಷಯವೇ ಬೇರೆ. ನಮ್ಮೂರು ಚಿರಿಲಾಗುವಾದಲ್ಲಿ ಅವಳಿಗಿಂತ ಕೈ ಬಿಗಿಯಿದ್ದವರು ಇಲ್ಲವೆಂದು ನಾವೆಲ್ಲ ತೀರ್ಮಾನಿಸಿಬಿಟ್ಟಿದ್ದೆವು. ಭಾನುವಾರ ಪೂಜೆ ಮುಗಿದ ಮೇಲೆ ಎಲ್ಲರೂ ಪುಪುಸಾ ರೊಟ್ಟಿ ತಿನ್ನಲು ಕೂತರೆ ಅವಳಿಗೆ ಹೊಟ್ಟೆ ಸರಿಯಿರುವುದಿಲ್ಲ. ಹೋದ ವಾರ ಸಾಕಿದ ಹಂದಿಯನ್ನೂ ಮಾರಿಬಿಟ್ಟಳು. ಡಾಲರ್ ಬರುವವಳಿಗೆ ಹಂದಿಯ ಚಾಕರಿ ಯಾಕೆ ಬೇಕು ಹೇಳಿ! ಇಂಥವಳು ನೂರಕ್ಕೆ ಎಷ್ಟು ಮುರಿದುಕೊಳ್ಳುತ್ತಾರೆಂದು ಊರಿನ ಒಂದೊಂದೇ ಕಿಟಕಿಗೆ ಹೋಗಿ ಚೌಕಾಶಿ ಮಾಡುತ್ತಿದ್ದಳು. ಬ್ಯಾಂಕಿನಲ್ಲಿ ಖಾತೆ ಬೇಕೆಂದರು. ಔಷಧಿ ಅಂಗಡಿಯಲ್ಲಿ ಕೂಡಲೇ ಆಗುತ್ತದೆ, ಆದರೆ ಸುಲಿಗೆ.

ಉಳಿದವಳು ಮಾರ್ಗೋತ್. ತಿಂಗಳಿಗೊಮ್ಮೆ ನಮ್ಮೂರಿನ ಚೀಸು, ಒಣಮೀನು ಹೊತ್ತು ವಿಮಾನದಲ್ಲಿ ಹೂಸ್ಟನ್ನಿಗೆ ಹೋಗುವವಳು, ಬರುವಾಗ ಮಕ್ಕಳು ಕೊಟ್ಟ ಬೂಟು, ಫೋನು, ಡಾಲರಿನ ಲಕೋಟೆಗಳನ್ನು ತರುವವಳು. ಅಂದೇ ಉಬಾಲ್ದಿನಾ ಹೋದಾಗ ಅವಳ ಜಗಲಿಯಲ್ಲಿ ನಾಲ್ಕು ಜನ ಹೆಂಗಸರು ಚೀಸಿನ ಪೊಟ್ಟಣ ಕಟ್ಟುತ್ತಿದ್ದರು.

"ನೂರಕ್ಕೆ ಎಷ್ಟು ಹಿಡೀತೀಯ, ಮಾರ್ಗೋತ್?"

"ಐದು. ಬಾಗಿಲಿಗೇ ಮುಟ್ಟಿಸ್ತೀನಿ. ಆದ್ರೆ ನಾನು ಹೊರಡೋದು ಸೋಮವಾರ."

"ಅಷ್ಟು ದಿನ ಆಗಲ್ಲ ಕಣೆ. ಶುಕ್ರವಾರ ಬಾಡಿಗೆ ಕಟ್ಟದಿದ್ರೆ ಸಾಮಾನೆಲ್ಲ ಬೀದಿಗೆ ಎಸೀತಾರಂತೆ."

ಪೊಟ್ಟಣ ಕಟ್ಟುವ ಕೈಗಳು ನಿಂತವು. ಹೆಂಗಸರು ಮುಖಮುಖ ನೋಡಿಕೊಂಡರು. ಗಂಡ ಕಟ್ಟಿಸಿಕೊಟ್ಟ ಸ್ವಂತ ಮನೆಯಲ್ಲಿ ಕೂತವಳಿಗೆ ಎಲ್ಲಿಯ ಬಾಡಿಗೆ? ಇಪ್ಪತ್ತು ಡಾಲರ್ ಉಳಿಸಲು ಸುಳ್ಳು ಹೇಳುವುದಕ್ಕೂ ಒಂದು ಮಿತಿ ಬೇಡವೇ?

ಮಾರ್ಗೋತ್ ಮಾತ್ರ ನಗಲಿಲ್ಲ. ಅವಳನ್ನು ಬಾಗಿಲವರೆಗೆ ಕರೆದುಕೊಂಡು ಹೋಗಿ ದನಿ ತಗ್ಗಿಸಿದಳು.

"ಸಾನ್ ಮಿಗೆಲ್ ಪೇಟೆಗೆ ಹೋಗು. ಮಾರುಕಟ್ಟೆ ಹಿಂದೆ ಒಂದು ದುಡ್ಡಿನ ಏಜೆನ್ಸಿ ಇದೆ. ಕಡಿಮೆ ಹಿಡೀತಾರೆ, ಅವತ್ತೇ ಕೈ ಸೇರತ್ತೆ. ನಮ್ಮೂರೋರು ಯಾರೂ ಆ ಕಡೆ ಸುಳಿಯಲ್ಲ. ನಾಚ್ಕೋಬೇಡ. ಈ ಮಾತು ಕೇಳಿದೋಳು ನೀನೊಬ್ಬಳೇ ಅಲ್ಲ."

ಕೊನೆಯ ಮಾತು ಉಬಾಲ್ದಿನಾಳ ಕಿವಿಗೆ ಬೀಳಲೇ ಇಲ್ಲ. ಅವಳಿಗೆ ಬೇಕಿದ್ದದ್ದು ಯಾರೂ ನೋಡದ ಒಂದು ಜಾಗ.

ಮರುದಿನ ಮೊದಲ ಬಸ್ಸಿಗೇ ಹೊರಟಳು. ಶಾಲನ್ನು ಹಣೆಯವರೆಗೆ ಎಳೆದುಕೊಂಡು, ಕಳ್ಳಿಯ ಹಾಗೆ ಹಿಂದಿನ ಸೀಟಿನ ಮೂಲೆಯಲ್ಲಿ ಕೂತಳು. ದಾರಿಯುದ್ದಕ್ಕೂ ಕೈ ಗಂಟಿನ ಮೇಲೇ ಇತ್ತು.

ಏಜೆನ್ಸಿಯ ಮುಂದೆ ಸಾಲು ಬೀದಿಯವರೆಗೂ ಬೆಳೆದಿತ್ತು. ಅಮ್ಮಂದಿರು, ಅಜ್ಜಿಯರು, ಕಂಕುಳಲ್ಲಿ ಕೂಸಿಟ್ಟುಕೊಂಡ ಸೊಸೆಯಂದಿರು. ಡಾಲರ್ ಸಿಗುವ ದಿನದ ಗಲಗಲ ಮಾತು, ನಗು. ಉಬಾಲ್ದಿನಾ ತಲೆ ತಗ್ಗಿಸಿ ಅವರ ನಡುವೆ ದಾರಿ ಮಾಡಿಕೊಂಡು ಒಳಗೆ ನುಗ್ಗಿದಳು. ಗೋಡೆಯ ಬದಿಯ ಕಿಟಕಿ ಹೆಚ್ಚುಕಡಿಮೆ ಖಾಲಿಯಿತ್ತು. ಗಂಟು ಕೈಗೆ ತೆಗೆದುಕೊಂಡು ಅಲ್ಲಿಗೆ ಹೋಗಿ ನಿಂತವಳಿಗೆ ಮುಂದಿದ್ದ ಹೆಂಗಸಿನ ಕೆಂಪು ಚಪ್ಪಲಿ ಕಣ್ಣಿಗೆ ಬಿತ್ತು.

ಆ ಚಪ್ಪಲಿಯನ್ನು ಊರಲ್ಲಿ ಯಾರು ಗುರುತಿಸರು?

ಇಪ್ಪತ್ತು ಡಾಲರಿಗಾಗಿ ಇಲ್ಲಿಯವರೆಗೂ ಬೆನ್ನು ಹತ್ತಿ ಬಂದಳೇ! ಉಬಾಲ್ದಿನಾ ಶಾಲನ್ನು ಇನ್ನಷ್ಟು ಮುಂದಕ್ಕೆ ಎಳೆದುಕೊಂಡಳು. ಓಡಿಹೋಗಬೇಕೆನಿಸಿತು, ಆದರೆ ಶುಕ್ರವಾರ ನಾಳೆಯೇ.

ತೆಂಚಾ ತಿರುಗಿದಳು. ತಿರುಗಿದವಳು ಬೆಚ್ಚಿಬಿದ್ದಳು. ತಲೆಯ ಮೇಲಿನ ಶಾಲು ಜಾರಿತು. ಕಿವಿ ಬೋಳಾಗಿತ್ತು. ನಿನ್ನೆಯಷ್ಟೇ ತೂಗಾಡುತ್ತಿದ್ದ ಓಲೆಗಳಿಲ್ಲ. ಕೈಯಲ್ಲಿ ಒಂದು ಕರವಸ್ತ್ರದ ಗಂಟಿತ್ತು. ಅದನ್ನು ಬಚ್ಚಿಡಲು ಜಾಗ ಸಿಗದೆ ಎರಡೂ ಕೈಯಲ್ಲಿ ಅವುಚಿಕೊಂಡಳು.

ಅವಳ ಕಣ್ಣು ಉಬಾಲ್ದಿನಾಳ ಗಂಟಿನ ಮೇಲೆ ಬಿತ್ತು. ಉಬಾಲ್ದಿನಾಳ ಕಣ್ಣು ಅವಳ ಗಂಟಿನ ಮೇಲೆ. ನಾಚಿಕೆಯಿಂದ ಇಬ್ಬರೂ ನೆಲ ನೋಡಿದರು.

"ನಿನ್ನೆ ಬೀದಿಲಿ ಏನೇನೋ ಅಂದುಬಿಟ್ಟೆ," ಎಂದಳು ತೆಂಚಾ ಕೊನೆಗೆ.

ಗಾಜಿನ ಹಿಂದಿನ ಹುಡುಗಿ ಬೆರಳಿನಿಂದ ತಟ್ಟಿದಳು. "ಅಮ್ಮಾ, ತಪ್ಪು ಕಡೆ ಬಂದಿದ್ದೀರಾ. ದುಡ್ಡು ತಗೊಳ್ಳೋರ ಸಾಲು ಅಲ್ಲಿ, ಬೀದಿವರೆಗೂ ಇದೆಯಲ್ಲ, ಅದು. ಇದು ಹೊರದೇಶಕ್ಕೆ ಕಳಿಸೋ ಕಿಟಕಿ."

"ಗೊತ್ತು ಮಗಳೇ," ಎಂದಳು ತೆಂಚಾ, ಕೊಮಾದ್ರೆಯ ಕೈ ಹಿಡಿದು ಪಕ್ಕಕ್ಕೆ ಎಳೆದುಕೊಳ್ಳುತ್ತ. "ನಮ್ಮ ಮಕ್ಕಳಿಗೆ ಅಲ್ಲಿ ದುಡಿಮೆ ಇಲ್ಲ. ನಾವಿಬ್ಬರೂ ಕಳಿಸೋಕೇ ಬಂದಿರೋದು."