ಮುಬಿರುವಿನ ಕುಲದ ವರಸೆ

ನಕಾತೊ ಡೋಲನ್ನು ಗೇಟಿನ ಮುಂದೆ ಇಳಿಸಿದ್ದೇ ತಡ, ಕಟ್ಟಡದ ಯಜಮಾನ ಪಿಳ್ಳಪ್ಪ ಎರಡನೇ ಮಹಡಿಯಿಂದ ದಡದಡನೆ ಇಳಿದು ಬಂದ. ಹಣೆಯ ಮೇಲೆ ಹೋಮದ ರಕ್ಷೆ ಇನ್ನೂ ಹಸಿಯಾಗಿತ್ತು.

“ಏನಮ್ಮಾ ಇದು? ಮೇಲ್ಗಡೆ ಗೃಹಪ್ರವೇಶ ನಡೀತೈತೆ. ಫ್ಲಾಟ್ ತಗೊಂಡೋರು ಈಗಿನ್ನೂ ಹಾಲು ಉಕ್ಕಿಸ್ತಾವ್ರೆ. ಬಾಗ್ಲಲ್ಲಿ ಸಾವಿನ ಡೋಲು ಬಾರಿಸ್ತೀಯಾ?”

“ಐದು ನಿಮಿಷ ಸಾಕು ಅಂಕಲ್. ಮುಬಿರುನ ತರ್ತಿದ್ದಾರೆ. ಆಂಬುಲೆನ್ಸ್ ಇಲ್ಲಿ ನಿಂತು ಏರ್‌ಪೋರ್ಟಿಗೆ ಹೋಗುತ್ತೆ.”

ಉಗಾಂಡಾದಿಂದ ಬಂದ ಮುಬಿರು ಅದೇ ಕಟ್ಟಡದ ಕೆಳಗಿನ ರೂಮಿನಲ್ಲಿ ಬಾಡಿಗೆಗಿದ್ದು ಸೋಲದೇವನಹಳ್ಳಿಯ ಕಾಲೇಜೊಂದರಲ್ಲಿ ಓದುತ್ತಿದ್ದ. ಕಳೆದ ವಾರ ಗೇಟು ದಾಟಿ ರಸ್ತೆಗೆ ಕಾಲಿಟ್ಟವನನ್ನು ನೀರಿನ ಟ್ಯಾಂಕರ್ ಇಲ್ಲೇ ಕೆಡವಿತ್ತು. ನಕಾತೊ ಅವನ ಕಾಲೇಜಿನವಳು. ಊರುಗಳು ಬೇರೆಯಾದರೂ ಇಬ್ಬರದೂ ಮೀನಿನ ಕುಲ, ಮತ್ತು ಉಗಾಂಡಾದ ಅವರ ಬಗಾಂಡಾ ಜನರಲ್ಲಿ ಒಂದೇ ಕುಲವೆಂದರೆ ಒಡಹುಟ್ಟು. ಒಂದೊಂದು ಕುಲಕ್ಕೂ ಡೋಲಿನ ಒಂದೊಂದು ವರಸೆ. ಅದು ಕಿವಿಗೆ ಬಿದ್ದರೆ ಸಾಕು, ಇವನು ಯಾರ ಮನೆಯ ಮಗ ಎಂದು ಹೇಳಬೇಕಾಗಿಲ್ಲ. ಮಗ ಬಿದ್ದ ಜಾಗದಲ್ಲೇ ಅದನ್ನು ಬಾರಿಸಿ, ಅವನನ್ನು ಎಬ್ಬಿಸಿ ಕಳಿಸಿಕೊಡು ಎಂದು ಮುಬಿರುವಿನ ತಾಯಿ ಊರಿನಿಂದ ಫೋನು ಮಾಡಿ ನಕಾತೊಳ ಹತ್ತಿರ ಅತ್ತಿದ್ದಳು. ಕೇಳಿಸಿಕೊಳ್ಳಲು ಈಗಲೂ ಫೋನಿನಲ್ಲಿ ಕಾಯುತ್ತಿದ್ದಳು.

ಊಟದ ಎಲೆ ತೊಳೆಯುತ್ತಿದ್ದ ಪಿಳ್ಳಪ್ಪನ ಹೆಂಡತಿ ಮುನಿಗಂಗಮ್ಮ ಸೆರಗಿಗೆ ಕೈ ಒರೆಸಿಕೊಂಡು ಬಂದಳು. “ಬಾರಿಸ್ಲಿ ಬಿಡಿ. ನಿಮ್ಮಪ್ಪನ್ನ ತಮಟೆ ಇಲ್ದೆ ಎತ್ತಿದ್ರಾ? ಮೂರು ಸೆಟ್ಟು ತರ್ಸಿದ್ರಿ.”

“ಅದು ನಮ್ಮ ಎಣ ಕಣೇ, ನಮ್ಮೂರಾಗಿತ್ತು. ನೀನು ಸುಮ್ಕಿರು.” ಪಿಳ್ಳಪ್ಪ ನಕಾತೊ ಕಡೆ ತಿರುಗಿದ. “ಗಂಡು ಹುಡುಗ್ರು ಯಾರೂ ಇಲ್ವಾ? ನೀನ್ಯಾಕೆ ಒತ್ಕೊಂಡು ಬಂದೆ?”

“ಅವರೆಲ್ಲ ಏರ್‌ಪೋರ್ಟಲ್ಲಿದ್ದಾರೆ. ಇದ್ದರೂ ಅವರ ಕುಲ ಬೇರೆ. ನಮ್ಮಲ್ಲಿ ಹೆಂಗಸರು ಡೋಲು ಮುಟ್ಟಬಾರದು ಅಂಕಲ್. ಆದ್ರೆ ಇಲ್ಲಿ ಅವನ ಕುಲದವಳು ಅಂತ ನಾನೊಬ್ಬಳೇ.”

“ನೋಡ್ದಾ! ನಿಮ್ ಶಾಸ್ತ್ರಾನೇ ಬ್ಯಾಡ ಅಂತೈತೆ. ನಿಮ್ದೂ ಕೆಡಿಸ್ಕೊಂಡು ನಮ್ದೂ ಯಾಕಮ್ಮಾ ಕೆಡಿಸ್ತೀಯಾ?”

ನಕಾತೊ ಡೋಲನ್ನು ಕಾಲ ಹತ್ತಿರ ಎಳೆದುಕೊಂಡಳು. ಆಮೇಲೆ ಅಂದಳು: “ರಾಜ್ಯೋತ್ಸವದಲ್ಲಿ ಅವನು ಬಾರಿಸಿದ್ದೂ ಇದೇ. ನೀವು ಕುಣಿದ್ರಿ.”

ಕುಣಿದಿದ್ದು ನಿಜ. ಆ ಉತ್ಸವ ನಡೆಸಿದ ಬಡಾವಣೆಯ ಕನ್ನಡ ಸಂಘಕ್ಕೆ ಪಿಳ್ಳಪ್ಪನೇ ಅಧ್ಯಕ್ಷ. ಮುಬಿರು ತನ್ನ ನಾಡಿನ ಬಿಳಿ ನಿಲುವಂಗಿ ತೊಟ್ಟು ಬಂದಾಗ, ‘ಇದ್ರಲ್ಲಿ ಆಫ್ರಿಕಾ ಎಲ್ಲಪ್ಪಾ ಕಾಣ್ತದೆ?’ ಎಂದು ಅದನ್ನು ಬಿಚ್ಚಿಸಿ, ಸೊಂಟಕ್ಕೆ ಮಾವಿನ ಸೊಪ್ಪು ಕಟ್ಟಿಸಿ ವೇದಿಕೆ ಹತ್ತಿಸಿದ್ದ. ಮುಬಿರು ಆ ಸೊಪ್ಪಿನಲ್ಲೇ ನಿಂತು, ಕಣ್ಣು ಮುಚ್ಚಿ, ತನ್ನ ಕುಲವನ್ನು ಬಾರಿಸಿದ್ದ.

“ಅದು ಪ್ರೋಗ್ರಾಮು ಕಣಮ್ಮಾ,” ಎಂದ ಪಿಳ್ಳಪ್ಪ. “ಇದು ಸಾವು.”

ಆಂಬುಲೆನ್ಸ್ ಬಂತು. ಡ್ರೈವರ್ ಇಂಜಿನ್ ಆರಿಸಲಿಲ್ಲ. “ಬೇಗ ಮುಗಿಸ್ಕೊಳ್ರೀ, ಯಲಹಂಕದಲ್ಲಿ ಜಾಮ್ ಐತೆ,” ಎಂದು ಹಿಂದಿನ ಬಾಗಿಲು ತೆರೆದ. ಮರದ ಪೆಟ್ಟಿಗೆ ಕಂಡಿತು. ಮೇಲೆ ಯಾರೋ ಇಣುಕಿ, ಕಿಟಕಿ ಎಳೆದುಕೊಂಡರು. ನಕಾತೊ ಎರಡೂ ಕೈ ಎತ್ತಿದಳು. ಅವು ಇಳಿಯುವ ಮೊದಲೇ ಪಿಳ್ಳಪ್ಪ ಡೋಲಿನ ಚರ್ಮದ ಮೇಲೆ ತನ್ನ ಅಂಗೈ ಊರಿದ.

“ನಾನೇನು ಕಟುಕ ಅಲ್ಲಮ್ಮಾ,” ಎಂದ, ದನಿ ತಗ್ಗಿಸಿ. ಇನ್ನೊಂದು ಕೈಯಿಂದ ಮೊಬೈಲ್ ತೆಗೆದ. “ಅವತ್ತಿನ ವೀಡಿಯೋ ಐತೆ. ಅವ್ನೇ ಬಾರ್ಸಿರೋದು. ಸಣ್ಣ ಸೌಂಡಲ್ಲಿ ಹಾಕ್ತೀನಿ, ಅವ್ನನ್ನ ಕಳಿಸ್ಕೊಡು.”

ಮುನಿಗಂಗಮ್ಮ ಮುಖ ತಿರುಗಿಸಿಕೊಂಡಳು.

ಮೊಬೈಲಿನೊಳಗಿಂದ ಮುಬಿರು ಬಾರಿಸತೊಡಗಿದ. ನಕಾತೊ ತನ್ನ ಫೋನನ್ನು ಅದರ ಪಕ್ಕ ಹಿಡಿದಳು. ವರಸೆ ಒಂದು ಸುತ್ತು ಬರುವಷ್ಟರಲ್ಲಿ ಅದರ ಮೇಲೆ ಶಿಳ್ಳೆ, ಚಪ್ಪಾಳೆ, ‘ಒನ್ಸ್ ಮೋರ್, ಒನ್ಸ್ ಮೋರ್’ ಎಂಬ ಕೂಗು ಮುಗಿಬಿದ್ದವು. ಡ್ರೈವರ್ ಬಾಗಿಲು ಹಾಕಿದ. ಗಾಡಿ ತಿರುವು ದಾಟಿ ಹೋಯಿತು. ರಸ್ತೆಯಲ್ಲಿ ಆ ಮೂವರನ್ನು ಬಿಟ್ಟರೆ ಯಾರೂ ಇರಲಿಲ್ಲ.

ಫೋನಿನ ಅತ್ತ ಕಡೆ ತಾಯಿಯ ಅಳು ನಿಂತಿತ್ತು. ಅವಳು ತಮ್ಮ ಮಾತಿನಲ್ಲಿ ಮೆಲ್ಲಗೆ ಕೇಳಿದಳು: “ಅಷ್ಟೊಂದು ಜನ ಬಂದಿದ್ದಾರಾ ಮಗಳೇ, ನನ್ನ ಮಗನನ್ನ ಕಳಿಸಿಕೊಡೋಕೆ?”

ನಕಾತೊ ಖಾಲಿ ರಸ್ತೆಯನ್ನು ನೋಡಿದಳು.

“ಹೌದಮ್ಮಾ,” ಎಂದಳು. “ಊರಿಗೆ ಊರೇ ಬಂದಿದೆ.”