ಮೂರನೇ ಹಾಸಿಗೆಯ ಕೂಗು

ಮೂರನೇ ಹಾಸಿಗೆಯ ವೆಂಟಿಲೇಟರ್ ಮತ್ತೆ ಬೊಬ್ಬೆ ಹೊಡೆಯಿತು. ನರ್ಸಮ್ಮ ಬಂದವಳೇ ಯಂತ್ರದ ಕಡೆ ತಿರುಗಿಯೂ ನೋಡಲಿಲ್ಲ. ಯಂತ್ರ ಕೂಗಿದರೆ ಮೊದಲು ಮನುಷ್ಯನನ್ನು ನೋಡು, ಆಮೇಲೆ ಯಂತ್ರವನ್ನು ನೋಡು ಎಂಬುದು ಅವಳು ಕಲಿತ ಪಾಠ. ಮನುಷ್ಯ ಚೆನ್ನಾಗಿಯೇ ಇದ್ದ. ಎದೆ ಎರಡೂ ಕಡೆ ಸಮನಾಗಿ ಏರುತ್ತಿತ್ತು, ತುಟಿ ನೀಲಿಗಟ್ಟಿರಲಿಲ್ಲ. ಗಾಳಿಯ ಪೈಪು ಎಲ್ಲೂ ಮಡಚಿಕೊಂಡಿರಲಿಲ್ಲ, ಅದರೊಳಗೆ ನೀರೂ ನಿಂತಿರಲಿಲ್ಲ. ಕಫವಿರಬಹುದೆಂದು ಹೀರಿ ನೋಡಿದಳು, ಹೇಳಿಕೊಳ್ಳುವಂಥದ್ದೇನೂ ಬರಲಿಲ್ಲ. ಕೊನೆಗೆ ಬಾಯಿ ನೋಡಿದರೆ, ಗಂಟಲಿಗೆ ಇಳಿಸಿದ್ದ ಕೊಳವೆಯನ್ನು ರೋಗಿ ಹಲ್ಲಿನಲ್ಲಿ ಕಚ್ಚಿ ಹಿಡಿದಿದ್ದ.

“ಬಿಡಿ ಯಜಮಾನ್ರೇ, ಅದು ಕಬ್ಬಲ್ಲ.”

ಬಿಟ್ಟ. ಯಂತ್ರ ತೆಪ್ಪಗಾಯಿತು.

ಡಾಕ್ಟರಿಗೆ ಇದು ಸರಿಬರಲಿಲ್ಲ. “ಹೀಗೆ ಮೆಷೀನ್ ಜೊತೆ ಕುಸ್ತಿಗೆ ಬಿದ್ರೆ ನಾಳೆ ಕೊಳವೆ ತೆಗೆಯೋ ಮಾತೇ ಇಲ್ಲ. ಮತ್ತೆ ನಿದ್ದೆಗೆ ಹಾಕ್ಬೇಕಾಗುತ್ತೆ,” ಎಂದರು.

“ಸಂಜೆವರೆಗೂ ನೋಡೋಣ ಸರ್. ರಾತ್ರಿಯೆಲ್ಲ ಮಗು ಥರ ಇದ್ರು. ಏನೋ ಕಾರಣ ಇರುತ್ತೆ.”

ರೋಗಿ ಬೀಗ ರಿಪೇರಿಯವನು. ಬಾಯಿಸತ್ತ ಮನುಷ್ಯ ಎಂದು ಹೆಂಡತಿಯೇ ಸರ್ಟಿಫಿಕೇಟು ಕೊಟ್ಟಿದ್ದಳು. ಈಗಂತೂ ಬಾಯಿತುಂಬ ಕೊಳವೆ. ಅದನ್ನು ಕಿತ್ತುಕೊಳ್ಳದಿರಲೆಂದು ಕೈಗಳನ್ನೂ ಮಂಚಕ್ಕೆ ಬಟ್ಟೆಪಟ್ಟಿಯಿಂದ ಕಟ್ಟಿದ್ದರು.

ನೋಡಲು ಬಿಡುವ ಹೊತ್ತಿಗೆ ಹೆಂಡತಿ ಬೆಳಗಿನಂತೆಯೇ ತನ್ನ ತಮ್ಮನನ್ನು ಕರೆದುಕೊಂಡು ಬಂದಳು. ಗಂಡನ ಪಾದ ಹಿಡಿದು ಅತ್ತಳು, ಹೊದಿಕೆ ಸರಿಮಾಡಿದಳು. ಪ್ರೀತಿಗೇನೂ ಕೊರತೆಯಿರಲಿಲ್ಲ. ತಮ್ಮ ಮಾತ್ರ ಬೆಳಗ್ಗೆ ಬಿಟ್ಟಲ್ಲಿಂದ ಮಾತು ಮುಂದುವರಿಸಿದ.

“ಭಾವನ ಕೈಲಿ ಇನ್ನು ಅಂಗಡಿ ನಡೆಸೋಕಾಗಲ್ಲ ಅಕ್ಕಾ. ನಂಗೆ ಬಿಟ್ಕೊಡಿ, ಮೊಬೈಲ್ ಅಂಗಡಿ ಮಾಡ್ತೀನಿ. ಬೋರ್ಡಿಗೆ ನೀಲಿ ಬಣ್ಣ ಅಂದ್ಕೊಂಡಿದೀನಿ.”

ಕೂಸು ಹುಟ್ಟುವ ಮುಂಚೆ ಕುಲಾವಿ.

“ನೀನೇ ತಗೋಳಪ್ಪ. ಇವ್ರದ್ದೇನು ತಕರಾರು? ಮದ್ವೆ ಆದಾಗ್ನಿಂದ ಇವ್ರು ಒಂದು ದಿನ ಬೇಡ ಅಂದಿದ್ದು ನಾನು ಕೇಳಿಲ್ಲ.”

ಯಂತ್ರ ಬೊಬ್ಬೆ ಹೊಡೆಯಿತು. ನರ್ಸಮ್ಮ ಮತ್ತೆ ಮೊದಲಿನಿಂದ ನೋಡಿದಳು: ಎದೆ, ತುಟಿ, ಪೈಪು, ನೀರು. ಕೊನೆಗೆ ಹಲ್ಲು. ಬಿಡಿಸಿದಳು.

“ಎಲ್ಲಿದ್ದೆ? ಹಾಂ, ಆ ಹಳೇ ಬೀಗಗಳನ್ನೆಲ್ಲ ಗುಜರಿಗೆ ಹಾಕಿಬಿಟ್ರೆ...” ಎಂದ ತಮ್ಮ.

ಯಂತ್ರ ಮುಂಚಿಗಿಂತ ಜೋರಾಗಿ ಕೂಗಿತು. ಈ ಸಲವೂ ಅವಳು ಏನನ್ನೂ ಬಿಡದೆ ನೋಡಿದಳು. ಆಮೇಲೆ ಅಕ್ಕತಮ್ಮನನ್ನು ಹೊರಗೆ ಕಳಿಸಿ, ಬೀಗದವನ ಕಿವಿಯ ಹತ್ತಿರ ಬಗ್ಗಿದಳು.

“ಅಂಗಡಿ ಕೊಡೋದು ಬೇಡ, ಅಲ್ವಾ?”

ಅವನು ಅವಳನ್ನೇ ನೋಡುತ್ತ, ಬೇಕೆಂದೇ, ಇನ್ನೊಮ್ಮೆ ಕಚ್ಚಿದ. ಯಂತ್ರ ಕೂಗಿತು. ಆಚೆ ಮೂಲೆಯಿಂದ ಇನ್ನೊಬ್ಬ ನರ್ಸು ಎದ್ದೆನೋ ಬಿದ್ದೆನೋ ಎಂದು ಓಡಿಬಂದಳು. ನರ್ಸಮ್ಮನಿಗೆ ನಗು ಬಂತು.

“ಗೊತ್ತಾಯ್ತು. ಇನ್ನು ಕಚ್ಚಬೇಡಿ. ಕಚ್ಚಿದ್ರೆ ಡಾಕ್ಟ್ರು ನಿದ್ದೆ ಮಾಡಿಸ್ತಾರೆ, ನೀವು ಏಳೋ ಹೊತ್ತಿಗೆ ಅಂಗಡಿ ನೀಲಿಯಾಗಿರುತ್ತೆ. ನಾಳೆ ಕೊಳವೆ ತೆಗೆದ ಮೇಲೆ ನಿಮ್ಮ ಬಾಯಲ್ಲೇ ಹೇಳಿ.”

ಅವನು ಕಣ್ಣು ಮುಚ್ಚಿ ತೆರೆದ. ಆಮೇಲೆ ಯಂತ್ರ ಕೂಗಲಿಲ್ಲ.

ಮರುದಿನ ಕೊಳವೆ ತೆಗೆದರು. ಕೈಗಳ ಕಟ್ಟನ್ನೂ ಬಿಚ್ಚಿದರು. ಅವನು ತಾನೇ ಉಸಿರಾಡಿದ, ಕೆಮ್ಮಿದ, ಬದುಕಿದ. ಹೆಂಡತಿ ಸಂತೋಷ ತಡೆಯಲಾರದೆ ಅವನ ಕೈಗಳನ್ನು ಕಣ್ಣಿಗೊತ್ತಿಕೊಂಡಳು. ತಮ್ಮ ಸಂತೋಷವನ್ನು ಬೇಗ ಮುಗಿಸಿದ.

“ಭಾವ, ಅಂಗಡಿ ವಿಷಯ ಅಕ್ಕ ಒಪ್ಪಿದಾಳೆ. ನೀವೂ ಒಂದು ಮಾತು ಹೇಳಿಬಿಡಿ.”

ಬೀಗದವನು ಬಾಯಿ ತೆರೆದ. ಕೊಳವೆ ಉಜ್ಜಿ ಗಂಟಲು ಹುಣ್ಣಾಗಿತ್ತು. ಬಂದದ್ದು ಬರೀ ಗಾಳಿ. ಉಗುಳು ನುಂಗಿ ಇನ್ನೊಮ್ಮೆ ತೆರೆಯುವಷ್ಟರಲ್ಲಿ ತಮ್ಮ ಅಕ್ಕನ ಕಡೆ ತಿರುಗಿಯಾಗಿತ್ತು.

“ಮೌನಂ ಸಮ್ಮತಿ ಲಕ್ಷಣಂ, ಅಕ್ಕಾ.”

“ನಾನು ಹೇಳಲಿಲ್ವಾ?” ಎಂದಳು ಅವಳು. “ಬೋರ್ಡು ಮಾತ್ರ ನೀಲಿ ಬೇಡ, ಹಸಿರು ಇರ್ಲಿ.”

ನರ್ಸಮ್ಮ ವೆಂಟಿಲೇಟರನ್ನು ಒರೆಸುತ್ತ ನಿಂತಿದ್ದಳು. ಒರೆಸುವುದನ್ನು ನಿಲ್ಲಿಸಿ ಅದರ ಗುಂಡಿ ಒತ್ತಿದಳು. ಯಾರಿಗೂ ಜೋಡಿಸದ ಯಂತ್ರ, ಉಸಿರು ಕೊಡಲು ಯಾರೂ ಸಿಗದೆ, ಕಿರುಚಿಕೊಂಡಿತು. ಅಕ್ಕತಮ್ಮ ಬೆಚ್ಚಿಬಿದ್ದು, ಬಾಯಿ ಮುಚ್ಚಿ, ರೋಗಿಯ ಮುಖ ನೋಡಿದರು.

ಅವಳು ಯಂತ್ರವನ್ನು ಸುಮ್ಮನಾಗಿಸಿದಳು. “ಈಗ ಹೇಳಿ ಯಜಮಾನ್ರೇ.”

“ಅಂಗಡಿ ಕೊಡಲ್ಲ,” ಎಂದ ಬೀಗದವನು.

ಪಿಸುಮಾತೇ, ಆದರೆ ಎಲ್ಲರಿಗೂ ಕೇಳಿಸಿತು. ತಮ್ಮ ಕಿಟಕಿಯ ಕಡೆ ನೋಡಿದ. ಹೆಂಡತಿ ಮಾತ್ರ, ಗಂಡನಿಗೆ ಹೊಸ ಹಲ್ಲು ಹುಟ್ಟಿದೆಯೇನೋ ಎಂಬಂತೆ, ಅವನ ಬಾಯಿಯನ್ನೇ ನೋಡುತ್ತಿದ್ದಳು.

ನರ್ಸಮ್ಮ ಯಂತ್ರವನ್ನು ತಳ್ಳಿಕೊಂಡು ಹೊರಟಳು. ಬೀಗದವನು ಕೈಯೆತ್ತಿ ತಡೆದ. ರಿಪೇರಿಗೆ ಬಂದ ಬೀಗ ನೋಡುವ ಹಾಗೆ ಅದನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದ.

“ಸಿಸ್ಟರ್, ಇದ್ರಲ್ಲಿ ಆ ಕೂಗೋ ಭಾಗ ಮಾತ್ರ ಬಿಡಿಯಾಗಿ ಸಿಗುತ್ತಾ? ಮನೆಗೆ.”