ಸಮುದ್ರ ಕಂಡ ಕಾರು

"ಸಾರ್, ಈ ಗಾಡಿ ಸಮುದ್ರ ನೋಡಿದೆ," ಎಂದ ಮೆಕ್ಯಾನಿಕ್, ಮೇಲೆತ್ತಿ ನಿಲ್ಲಿಸಿದ್ದ ಕಾರಿನ ಕೆಳಗಿನಿಂದಲೇ. ಸ್ಕ್ರೂಡ್ರೈವರಿನ ತುದಿಯಿಂದ ಚಾಸಿಯನ್ನು ಕೆರೆದ. ಕಬ್ಬಿಣ ಹಳೇ ಹಪ್ಪಳದ ಹಾಗೆ ಪುಡಿಪುಡಿಯಾಗಿ ಉದುರಿತು. "ಬೆಂಗಳೂರಲ್ಲೇ ಓಡಾಡಿದ ಗಾಡಿಗೆ ಇಷ್ಟೊಂದು ತುಕ್ಕು ಹಿಡಿಯಲ್ಲ. ಇದು ಉಪ್ಪಿನ ಕೆಲ್ಸ."

ಅರೆಕೆರೆಯ ಆ ಗ್ಯಾರೇಜಿನ ಮೂಲೆಯಲ್ಲಿ ಪ್ಲಾಸ್ಟಿಕ್ ಕುರ್ಚಿಯ ಮೇಲೆ ಕೂತಿದ್ದ ಜಯದೇವಿಯವರ ಎದೆ ಧಸಕ್ಕೆಂದಿತು. ಪುಣ್ಯಕ್ಕೆ ಮಗ ಶಿವರಾಜ್ ಅವರ ಕಡೆ ನೋಡಲಿಲ್ಲ. ಅವನು ದುರುಗುಟ್ಟಿ ನೋಡಿದ್ದು ಬೋರಣ್ಣನವರನ್ನು. ಎರಡು ವರ್ಷದ ಹಿಂದೆ ಈ ಕಾರನ್ನು ಇವರಿಗೆ ಮಾರಿದವರು ಜರಗನಹಳ್ಳಿಯ ಈ ಬೋರಣ್ಣನವರೇ. ಫೋನ್ ಮಾಡಿ ಕರೆದದ್ದೇ ತಡ, ಊಟ ಅರ್ಧಕ್ಕೆ ಬಿಟ್ಟು ಸ್ಕೂಟರ್ ಏರಿ ಬಂದಿದ್ದರು. ಮೋಸ ಮಾಡಿದವರು ಹಾಗೆಲ್ಲ ಕರೆದ ತಕ್ಷಣ ಓಡಿ ಬರುವುದಿಲ್ಲ. ಆದರೆ ಕೋಪ ನೆತ್ತಿಗೇರಿದವರಿಗೆ ಇಂಥದ್ದೆಲ್ಲ ಎಲ್ಲಿ ಹೊಳೆಯುತ್ತದೆ?

"ಏನ್ರೀ ಬೋರಣ್ಣನವ್ರೇ, ಊರಲ್ಲೇ ಓಡ್ಸಿರೋ ಗಾಡಿ ಅಂತ ಹೇಳಿ ನಮ್ಮ ತಲೆಗೆ ಕಟ್ಟಿದ್ರಲ್ಲ!"

"ಸ್ವಾಮಿ, ನಮ್ಮನೆ ದೇವರಾಣೆ, ನನ್ನ ಕೈಲಿದ್ದಾಗ ಇದು ಮೈಸೂರು ದಾಟಿಲ್ಲ."

"ಹಾಗಾದ್ರೆ ಉಪ್ಪೇನು ಆಕಾಶದಿಂದ ಬಿತ್ತಾ?"

ಎಲ್ಲಿಂದ ಬಿತ್ತೆಂದು ಜಯದೇವಿಯವರಿಗೆ ಚೆನ್ನಾಗಿ ಗೊತ್ತಿತ್ತು. ಕಾರು ಮನೆಗೆ ಬಂದ ಹೊಸದರಲ್ಲೇ ಬನಶಂಕರಿ ಸಿಗ್ನಲ್ ಹತ್ತಿರ ಬಸ್ಸೊಂದು ಸವರಿಕೊಂಡು ಹೋಗಿ, ಶಿವರಾಜ್ ಸ್ವಲ್ಪದರಲ್ಲಿ ಉಳಿದುಕೊಂಡಿದ್ದ. ಯಾರದೋ ಕಣ್ಣು ಬಿದ್ದಿದೆ ಎಂದು ಅವರಿಗೆ ಆಗಲೇ ಖಾತ್ರಿಯಾಯಿತು. ಅಂದಿನಿಂದ ಅಮಾವಾಸ್ಯೆಗೊಮ್ಮೆ, ಆಮೇಲೆ ಇದೂ ಇರಲಿ ಎಂದು ಪ್ರತಿ ಶುಕ್ರವಾರ, ಮನೆಯವರು ಏಳುವ ಮುಂಚೆ ಬಕೆಟ್ ನೀರಿಗೆ ಕಲ್ಲುಪ್ಪು ಸುರಿದು ಕರಗಿಸಿ, ಚೊಂಬು ಚೊಂಬಾಗಿ ಕಾರಿಗೆ ನಿವಾಳಿಸಿ ಎರಚುತ್ತಿದ್ದರು. ಮೇಲೆ ಹಾಕಿದರೆ ಬಣ್ಣ ಹಾಳಾದೀತೆಂದು ಸೊಂಟ ಹಿಡಿದುಕೊಂಡು ಬಗ್ಗಿ ಕಾರಿನಡಿಗೇ ಎರಚುತ್ತಿದ್ದರು. ಅಷ್ಟು ಜಾಣತನ ಬೇರೆ! ಇಂಥದ್ದನ್ನೆಲ್ಲ ಕಂಡರೆ ಸೊಸೆ ಸ್ಪಂದನಾ ಕಿಸಕ್ಕನೆ ನಗುತ್ತಾಳೆಂದು ಯಾರಿಗೂ ಹೇಳಿರಲಿಲ್ಲ.

"ಇನ್ನೂ ತೂತು ಬಿದ್ದಿಲ್ಲ, ಅದೇ ಪುಣ್ಯ," ಎಂದ ಮೆಕ್ಯಾನಿಕ್. "ತುಕ್ಕೆಲ್ಲ ಕೆರೆದು, ಒಳ್ಳೆ ನೀರಲ್ಲಿ ತೊಳೆದು, ಒಣಗ್ಸಿ ಪ್ರೈಮರ್ ಹೊಡೀತೀನಿ. ಅದರ ಮೇಲೆ ಕೋಟಿಂಗ್. ಆದ್ರೆ ಮತ್ತೆ ಉಪ್ಪು ಸೋಕಿದ್ರೆ ನನ್ನ ಗ್ಯಾರಂಟಿ ಇಲ್ಲ."

ಸೋಕುವುದಿಲ್ಲ ಎಂದುಕೊಂಡರು ಜಯದೇವಿ. ಈ ಶುಕ್ರವಾರದಿಂದಲೇ ನಿಲ್ಲಿಸಿದರಾಯಿತು, ಯಾರಿಗೂ ಗೊತ್ತಾಗುವುದಿಲ್ಲ. ಹಾಗೆ ಅಂದುಕೊಂಡ ಮರುಕ್ಷಣವೇ ನಾಚಿಕೆಯಾಯಿತು. ಆದರೂ ಬಾಯಿ ತೆರೆಯಲಿಲ್ಲ.

ಬೋರಣ್ಣ ತಾವೇ ಕಾರಿನ ಕೆಳಗೆ ಹೋಗಿ ಬೆರಳಿನಿಂದ ಮುಟ್ಟಿ ನೋಡಿದರು. ಅವರ ಮುಖ ಸಣ್ಣಗಾಯಿತು. "ನನ್ನ ಮಗ ಮನೋಜ ಒಂದ್ಸಲ ಫ್ರೆಂಡ್ ಮದ್ವೆ ಅಂತ ಹಾಸನಕ್ಕೆ ತಗೊಂಡು ಹೋಗಿದ್ದ," ಎಂದರು ತಮ್ಮಷ್ಟಕ್ಕೆ ತಾವೇ ಎಂಬಂತೆ.

"ಹಾಸನಾನೂ ಇಲ್ಲ, ಮದ್ವೇನೂ ಇಲ್ಲ! ಗೋಕರ್ಣಕ್ಕೆ ಹೋಗಿ, ರೀಲ್ಸ್ ಮಾಡೋಕೆ ಅಂತ ನೀರೊಳಗೇ ಇಳಿಸಿರ್ತಾನೆ," ಎಂದ ಶಿವರಾಜ್.

ಬೋರಣ್ಣ ಫೋನ್ ತೆಗೆದು ಮಗನಿಗೆ ಕರೆ ಮಾಡಿದರು. ಅವರ ಕಿವಿ ಸ್ವಲ್ಪ ಮಂದ, ಹಾಗಾಗಿ ಯಾವಾಗಲೂ ಸ್ಪೀಕರ್ ಹಾಕಿಯೇ ಮಾತು.

"ಲೋ ಮನೋಜ, ನಿಜ ಹೇಳು. ಕಾರ್ ತಗೊಂಡು ಸಮುದ್ರಕ್ಕೆ ಹೋಗಿದ್ಯಾ?"

"ಇಲ್ಲಪ್ಪ. ಹಾಸನಕ್ಕೇ ಹೋಗಿದ್ದು."

"ಇಲ್ಲಿ ನನ್ನ ಮಾನ ಹೋಗ್ತಿದೆ ಕಣೋ. ಸುಳ್ಳು ಬೊಗಳ್ಬೇಡ!"

"ನನ್ನ ಮಾತು ನಂಬಲ್ವಾಪ್ಪ?"

"ನಂಬಲ್ಲ," ಎಂದು ಬೋರಣ್ಣ ಫೋನ್ ಕಟ್ ಮಾಡಿದರು. ಶಿವರಾಜ್ ಕಡೆ ತಿರುಗಿ, "ತಪ್ಪಾಯ್ತು ಸ್ವಾಮಿ. ಗಾಡಿ ವಾಪಸ್ ತಗೋತೀನಿ," ಎಂದರು.

ನೆಲ ಬಾಯ್ಬಿಟ್ಟು ತನ್ನನ್ನು ನುಂಗಬಾರದೇ ಅನ್ನಿಸಿತು ಜಯದೇವಿಯವರಿಗೆ. ತನ್ನ ಮಗನಿಗೆ ಕಣ್ಣು ತಾಗದಿರಲೆಂದು ಹಾಕಿದ ಉಪ್ಪು ಇನ್ನೊಬ್ಬರ ಮಗನನ್ನು ಸುಳ್ಳುಗಾರನನ್ನಾಗಿ ಮಾಡಿತ್ತು. ಕುರ್ಚಿಯಿಂದ ಎದ್ದರು.

"ಉಪ್ಪು ಹಾಕಿದ್ದು ನಾನು," ಎಂದರು. ದನಿ ತಮಗೇ ಕೇಳಿಸಲಿಲ್ಲ. ಇನ್ನೊಮ್ಮೆ ಹೇಳಿದರು. "ಬೋರಣ್ಣನವ್ರೇ, ಉಪ್ಪು ನಾನೇ ಹಾಕಿದ್ದು. ದೃಷ್ಟಿ ತೆಗೀತಿದ್ದೆ. ಉಪ್ಪು ನೀರನ್ನ ಕಾರಿನ ಕೆಳಗೆ ಎರಚ್ತಿದ್ದೆ, ಗಾಡಿ ಬಂದಾಗಿಂದ."

ಮೆಕ್ಯಾನಿಕ್ ನಗು ತಡೆದುಕೊಳ್ಳಲು ಆ ಕಡೆ ತಿರುಗಿದ. "ಅಮ್ಮಾ..." ಎಂದ ಶಿವರಾಜ್‌. ಬೋರಣ್ಣನವರ ಮುಖ ನೋಡುವ ಧೈರ್ಯವಿಲ್ಲದೆ ತಲೆ ಕೆಳಗೆ ಹಾಕಿದ.

ಬೋರಣ್ಣ ಬೈಯಲಿಲ್ಲ. ಬೈದಿದ್ದರೆ ಎಷ್ಟೋ ವಾಸಿಯಾಗಿತ್ತು. "ಇದೇ ಮಾತನ್ನ ಸ್ವಲ್ಪ ಮುಂಚೆ ಹೇಳಿದ್ರೆ ಏನಾಗ್ತಿತ್ತಕ್ಕ?" ಎಂದಷ್ಟೇ ಕೇಳಿದರು. ಮತ್ತೆ ಮಗನ ನಂಬರ್ ಒತ್ತಿ ಫೋನನ್ನು ಜಯದೇವಿಯವರ ಕೈಗೆ ಕೊಟ್ಟರು. "ನೀವೇ ಹೇಳಿ. ಅವನ ಹತ್ರ ಮಾತಾಡೋಕೆ ನನಗೆ ಮುಖ ಇಲ್ಲ."

ಜಯದೇವಿ ಫೋನನ್ನು ಎರಡೂ ಕೈಯಲ್ಲಿ ಹಿಡಿದುಕೊಂಡರು. ರಿಂಗಾಗುತ್ತಲೇ ಇತ್ತು. ಎಲ್ಲಿಂದ ಶುರು ಮಾಡುವುದೆಂದು ತಿಳಿಯದೆ ಗಂಟಲು ಸರಿಮಾಡಿಕೊಳ್ಳುವಷ್ಟರಲ್ಲಿ ಆ ಕಡೆಯಿಂದ ಮನೋಜನ ದನಿ ಬಂತು.

"ಆಯ್ತು ಬಿಡಪ್ಪ, ಸಮುದ್ರಕ್ಕೆ ಹೋಗಿದ್ದೆ ಅಂತಲೇ ಹೇಳ್ಬಿಡು ಅವರಿಗೆ. ನೀನು ಅಲ್ಲಿ ತಲೆ ತಗ್ಗಿಸಿ ನಿಂತ್ಕೋಬೇಡ."